ಹಾಯಿದೋಣಿಯ ಎರಡನೆಯವನು

ಮಂಡಿಕಲ್ಲಿನ ಕಡೆಯವರಾದ ನಮಗೆ ನೀರೆಂಬುದು ಮೊದಲಿನಿಂದಲೂ ಲೆಕ್ಕವಿಟ್ಟು ಬಳಸುವ ವಸ್ತು. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಸೀಮೆ ನಮ್ಮದು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಪಿನಾಕಿನಿ, ಚಿತ್ರಾವತಿಗಳು ಮಳೆಗಾಲದಲ್ಲಿ ಮುಖ ತೋರಿಸಿ ಮುಂದಿನ ಸೀಮೆಗೆ ಹೊರಟುಬಿಡುವುವು. ಕೆರೆ ಕೋಡಿ ಬಿದ್ದೀತೇ, ತೂಬೆತ್ತಿದರೆ ಯಾರ ಗದ್ದೆಯವರೆಗೆ ನೀರು ಹರಿದೀತು ಎಂಬ ಚಿಂತೆಯಲ್ಲದೆ, ಆ ನೀರಿನ ಮೇಲೆ ವಿನೋದಾರ್ಥವಾಗಿ ವಿಹರಿಸಬಹುದೆಂಬ ಭಾವನೆ ನಮ್ಮ ಹಿರಿಯರ ಮನಸ್ಸಿನಲ್ಲಿ ಸುಳಿದಿರಲಾರದು. ಅಂಥ ನೆಲದವನಾದ ನನಗೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ, ಮೈಸೂರಿನ ಮಿತ್ರರು ಕೆಲಸ ಮುಗಿಸಿ ಬಂದು ಸಂಜೆಯ ಹೊತ್ತು ನಡೆಸುವ ಹಾಯಿದೋಣಿಯ ಪಂದ್ಯಕ್ಕೆ, ಹಿರಿಯರೊಬ್ಬರ ಪುಟ್ಟ ದೋಣಿಯ ಎರಡನೆಯ ಆಳಾಗಿ ಇಳಿಯುವ ಯೋಗ ಒದಗಿದುದನ್ನು ಭಾಗ್ಯವೆಂದೇ ಎಣಿಸುತ್ತೇನೆ. 1911ರಲ್ಲಿ ಆರಂಭವಾಗಿ 1932ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟಿನ ಹಿಂದೆ ದುಡಿದ ವಿಶ್ವೇಶ್ವರಯ್ಯನವರು ನಮ್ಮ ತಾಲ್ಲೂಕಿನ ಮುದ್ದೇನಹಳ್ಳಿಯವರು. ನೀರಿನ ಅಭಾವವನ್ನು ಬಾಲ್ಯದಲ್ಲಿ ಕಂಡ ಕಣ್ಣೇ ಅಷ್ಟು ವಿಸ್ತಾರವಾದ ಜಲರಾಶಿಯನ್ನು ಕಲ್ಪಿಸಿಕೊಳ್ಳಬಲ್ಲುದೆಂದು ನನ್ನ ನಂಬಿಕೆ.

ದೋಣಿ ಎಂಟರ್‌ಪ್ರೈಸ್ ಜಾತಿಯದು. 1956ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ರೂಪಿಸಿದ ಈ ದೋಣಿ 13 ಅಡಿಗಿಂತ ತುಸುವೇ ಉದ್ದ. ಹಾಯಿಗಳು ಎರಡು, ಎರಡೂ ನೀಲಿ. ಚುಕ್ಕಾಣಿಯೂ ದೊಡ್ಡ ಹಾಯಿಯೂ ಹಿರಿಯರ ವಶ, ಮುಂದಿನ ಕಿರುಹಾಯಿಯ ಹಗ್ಗ ನನ್ನ ವಶ. ಅವರು ಹಾಯಿ ಕಲಿತದ್ದು ಬೆಂಗಳೂರಿನ ಹಲಸೂರು ಕೆರೆಯಲ್ಲಿ, ಸೈನ್ಯದ ಇಂಜಿನಿಯರುಗಳಾದ ಮದರಾಸು ಸ್ಯಾಪರ್ಸ್ ದಳದವರ ನಡುವೆ. ಸೈನ್ಯದ ಇಂಜಿನಿಯರುಗಳು 1985ರಿಂದ 1987ರವರೆಗೆ ‘ತೃಷ್ಣಾ’ ಎಂಬ ಹಾಯಿನೌಕೆಯಲ್ಲಿ ಭೂಮಂಡಲವನ್ನೇ ಸುತ್ತಿಬಂದ ಕಥೆಯನ್ನು ಅವರ ಬಾಯಿಂದ ಕೇಳುತ್ತಿದ್ದರೆ, ಕೆರೆಯಲ್ಲಿ ಕಲಿತ ವಿದ್ಯೆ ಸಾಗರಕ್ಕೂ ಸಲ್ಲುವುದೆಂಬ ಧೈರ್ಯ ಯಾರಿಗಾದರೂ ಹುಟ್ಟದಿರದು.

ಗಾಳಿಗೆ ಎದುರಾಗಿ ನೇರವಾಗಿ ಸಾಗುವ ಹಾಯಿದೋಣಿ ಜಗತ್ತಿನಲ್ಲಿಲ್ಲ. ಓರೆಯಾಗಿ ಬಲಕ್ಕೆ ಸ್ವಲ್ಪ ದೂರ, ತಿರುಗಿ ಎಡಕ್ಕೆ ಸ್ವಲ್ಪ ದೂರ ಹೋಗಿ, ಅಡಿಯ ನಡುಹಲಗೆಯು ಪಕ್ಕಕ್ಕೆ ಜಾರದಂತೆ ತಡೆದ ಬಲದಿಂದ ಮುಂದುವರಿದು, ಕಡೆಗೆ ಗಾಳಿ ಬರುವ ದಿಕ್ಕಿನಲ್ಲೇ ತೇಲುವ ಗುರುತನ್ನು ಮುಟ್ಟಬೇಕು. ಹೀಗೆ ತಿರುಗುವ ಕ್ಷಣದಲ್ಲಿ ಎರಡನೆಯವನು ಒಂದು ಬದಿಯ ಹಗ್ಗವನ್ನು ಸಡಿಲಿಸಿ, ಅಡ್ಡಮರದ ಕೆಳಗೆ ತಲೆತಗ್ಗಿಸಿ ದಾಟಿ, ಆಚೆಯ ಹಗ್ಗವನ್ನು ಬಿಗಿದು, ಒಳಗಿನ ಪಟ್ಟಿಗೆ ಕಾಲು ಸಿಕ್ಕಿಸಿ ಬೆನ್ನನ್ನು ನೀರಿನ ಮೇಲಕ್ಕೆ ಚಾಚುವಷ್ಟರಲ್ಲಿ ದೋಣಿ ಆಗಲೇ ಹೊಸ ದಾರಿ ಹಿಡಿದಿರುತ್ತದೆ. ಹಗ್ಗ ಬಿಡುವುದು ಒಂದುಸಿರು ಮೊದಲಾದರೆ ವೇಗ ನಷ್ಟ, ಒಂದುಸಿರು ತಡವಾದರೆ ಮೂತಿ ಅತಿಯಾಗಿ ತಿರುಗುವುದು. ನಮ್ಮ ಕೆರೆಯ ನೀರಗಂಟಿ ಹೊಲದೊಡೆಯನಲ್ಲ, ಬೆಳೆಯೂ ಅವನದಲ್ಲ. ಆದರೂ ತೂಬನ್ನು ಎಷ್ಟು ಎತ್ತಬೇಕು, ಎಷ್ಟು ಇಳಿಸಬೇಕು ಎಂಬ ಅವನ ಕೈಯ ಅಳತೆಯಿಲ್ಲದೆ ಒಂದು ಗದ್ದೆಯೂ ಹಸುರಾಗದು. ದೋಣಿಯ ಎರಡನೆಯವನ ಘನತೆಯೂ ಅಂಥದೇ ಎಂದು ನಾನು ಬಗೆದಿದ್ದೇನೆ.

ಕೈಗಿಂತ ದೊಡ್ಡ ಕೆಲಸ ಅವನ ಕಣ್ಣಿನದು. ಚುಕ್ಕಾಣಿ ಹಿಡಿದವರ ದೃಷ್ಟಿ ಹಾಯಿಯಲ್ಲಿ ನೆಟ್ಟಿರುವಾಗ ನೀರನ್ನು ಓದಬೇಕಾದವನು ಇವನು. ಬೀಸು ಬರುವುದಕ್ಕೆ ಮೊದಲು ನೀರಿನ ಮೇಲೆ ಸಣ್ಣ ಸಣ್ಣ ನಿರಿಗೆಗಳ ಕಪ್ಪು ಛಾಯೆಯೊಂದು ಹರಡಿಕೊಂಡು ಬರುವುದು. ಅದು ಎತ್ತ ಸರಿಯುತ್ತಿದೆ, ನಮ್ಮನ್ನು ಮುಟ್ಟಲು ಎಷ್ಟು ಹೊತ್ತು ಎಂಬುದನ್ನು ಹೇಳುತ್ತಿರಬೇಕು. ಆಷಾಢದಲ್ಲಿ ಪಡುವಣದಿಂದ ಬರುವ ಗಾಳಿ ನಮ್ಮ ಬಯಲಿನ ಮೇಲೆ ಎಷ್ಟೋ ಸಲ ಮಳೆ ಸುರಿಸದೆ ಧೂಳೆಬ್ಬಿಸಿ ಹೋಗುವುದನ್ನು ಕಂಡು ಬೆಳೆದವನಿಗೆ, ಅದೇ ಗಾಳಿ ಇಲ್ಲಿ ಹೆಜ್ಜೆಗುರುತು ಮೂಡಿಸುತ್ತ ನಡೆದುಬರುವುದು ಪರಮಾಶ್ಚರ್ಯದ ದರ್ಶನ.

ಪಂದ್ಯ ಸಲಿಗೆಯದಾದರೂ ನಿಯಮಗಳು ಸಲಿಗೆಯವಲ್ಲ. ಎಡಗಡೆಯಿಂದ ಗಾಳಿ ಪಡೆದು ಸಾಗುವ ದೋಣಿ ಬಲಗಡೆಯಿಂದ ಪಡೆದುಬರುವ ದೋಣಿಗೆ ದಾರಿ ಬಿಡಬೇಕು. “ಸ್ಟಾರ್‌ಬೋರ್ಡ್!” ಎಂಬ ಕೂಗು ನೀರಿನ ಮೇಲೆ ಕೇಳಿಬಂದೊಡನೆ, ದಡದಲ್ಲಿ ಎಷ್ಟೇ ಆಪ್ತರಾಗಿದ್ದರೂ ತಿರುಗಲೇಬೇಕು. ಈ ಶಿಸ್ತು ನನಗೆ ಬಹಳ ಪ್ರಿಯವಾದುದು. ತೀರ್ಪುಗಾರರಿಲ್ಲದ ಕಡೆಯೂ ಮನುಷ್ಯನು ತಾನಾಗಿ ದಾರಿ ಬಿಡುವನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸೂರ್ಯ ಇಳಿದಂತೆ ಗಾಳಿಯೂ ಇಳಿಯುವುದು. ಆಗ ನಾನು ಗಾಳಿಗೆ ಮರೆಯಾದ ಬದಿಗೆ ಸರಿದು, ದೋಣಿಯನ್ನು ತುಸು ಓಲಿಸಿ, ಹಾಯಿ ತನ್ನ ಭಾರದಿಂದಲೇ ಹೊಟ್ಟೆ ತುಂಬಿಕೊಂಡು ನಿಲ್ಲುವಂತೆ ಕೂರಬೇಕು. “ಅಲುಗಬೇಡಪ್ಪಾ, ಉಸಿರು ಬಿಟ್ಟರೂ ಗಾಳಿ ಚೆಲ್ಲಿಹೋಗುತ್ತೆ” ಎನ್ನುವರು ಹಿರಿಯರು. “ಎಡಗಡೆ ಒಂದು ಕಪ್ಪು ಬರ್ತಾ ಇದೆ ಸಾರ್” ಎಂದು ನಾನಂದರೆ, ಮರುಮಾತಾಡದೆ ದೋಣಿಯನ್ನು ಅತ್ತ ತಿರುಗಿಸುವರು. ವಯಸ್ಸಿನಲ್ಲೂ ವಿದ್ಯೆಯಲ್ಲೂ ನನಗಿಂತ ಎಷ್ಟೋ ದೊಡ್ಡವರು ನನ್ನ ಕಣ್ಣಿನ ಮೇಲೆ ಭರವಸೆಯಿಟ್ಟು ಹೀಗೆ ದಾರಿ ಬದಲಿಸುವುದು ಪಂದ್ಯದ ಗೆಲುವಿಗಿಂತ ಮೇಲಾದ ಗೌರವ. ದಡಕ್ಕೆ ಬಂದಮೇಲೆ ಚುಕ್ಕಾಣಿಯವರ ಹೆಸರನ್ನಷ್ಟೇ ಬರೆದುಕೊಳ್ಳುವ ರೂಢಿಯಿದ್ದರೂ, ಅವರು ಬರೆಯುವವರ ಪಕ್ಕದಲ್ಲಿ ನಿಂತು ನನ್ನ ಹೆಸರನ್ನೂ ಬರೆಯಿಸಿ, ಆಮೇಲೆಯೇ ಒದ್ದೆ ಹಾಯಿಯ ಒಂದು ತುದಿಯನ್ನು ನನಗೆ ಕೊಟ್ಟು ಇನ್ನೊಂದನ್ನು ತಾವು ಹಿಡಿದು ಮಡಿಸತೊಡಗುವರು.