ಉರಿಯ ಬಣ್ಣ ಮತ್ತು ನನ್ನ ಇಂಜಿನಿಯರಿಂಗ್

ಬ್ಲಾಗಿನ ಕಡೆ ಬಂದು ತುಂಬಾ ದಿನ ಆಯ್ತು. ಆಫೀಸು, ಡೆಡ್‌ಲೈನು ಅಂತ ನೆಪ ಹೇಳೋದಿಲ್ಲ, ಬರೀ ಸೋಮಾರಿತನ :). ನಿನ್ನೆ ರಾತ್ರಿ ಬೆಂಗಳೂರಿನ ರೂಮಿನಲ್ಲಿ ಸಾರು ಉಕ್ಕಿ ಗ್ಯಾಸ್ ಒಲೆಗೆ ಬಿತ್ತು. ನೀಲಿ ಉರಿ ಒಂದು ಕ್ಷಣ ಹಳದಿಯಾಯಿತು. ನೋಡಿದ್ದೇ ಊರಿನ ಬ್ಯಾರನ್ ನೆನಪಾಯಿತು...

ನಮ್ಮೂರು ಹುಣಸೂರು ತಾಲ್ಲೂಕಿನ ಗಾವಡಗೆರೆ. ಆ ಕಡೆ ಬಂದವರು ಹೊಲಗಳ ಪಕ್ಕ ಎತ್ತರದ ಒಂಟಿ ಕಟ್ಟಡಗಳನ್ನು ನೋಡಿರುತ್ತೀರಿ. ವರ್ಜೀನಿಯಾ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು ಅವು. ಒಲೆಯಲ್ಲಿ ಸೌದೆ ಉರಿಸಿದರೆ ಬಿಸಿ ಹೊಗೆ ಒಳಗಿನ ಕಬ್ಬಿಣದ ಪೈಪುಗಳಲ್ಲಿ ಹಾದು ಹೊರಗೆ ಹೋಗುತ್ತದೆ. ಕಡ್ಡಿಗೆ ಕಟ್ಟಿ ನೇತುಹಾಕಿದ ಸೊಪ್ಪಿಗೆ ತಾಗುವುದು ಬಿಸಿ ಮಾತ್ರ. ಐದಾರು ದಿನದ ಕೆಲಸ. ಮೊದಲು 35-38 ಡಿಗ್ರಿಯಲ್ಲಿ ಎಲೆ ನಿಧಾನವಾಗಿ ಹಳದಿಯಾಗಬೇಕು, ಕೊನೆಗೆ ದಂಟು ಒಣಗುವ ಹೊತ್ತಿಗೆ 70ರ ಆಸುಪಾಸು.

ಎರಡು ವರ್ಷದ ಹಿಂದೆ ಆಗಸ್ಟ್‌ನಲ್ಲಿ ರಜೆ ಹಾಕಿ ಊರಿಗೆ ಹೋಗಿದ್ದೆ. ಬ್ಯಾರನ್‌ಗೆ ಬೆಂಕಿ ಹಾಕಿದ ಮೊದಲ ರಾತ್ರಿಯೇ ನೆಂಟರ ಮನೆಯಲ್ಲಿ ಸಾವಾಯಿತು. ಅಪ್ಪ ಹೊರಟರು. "ಗಂಟೆಗೊಂದ್ಸಲ ಥರ್ಮಾಮೀಟರ್ ನೋಡು" ಅಂದರು. ನಾನು ಇಂಜಿನಿಯರ್ ಅಲ್ಲವೇ! ಒಲೆ ಮುಂದೆಯೇ ಕೂತೆ. ಹಳದಿ ಉರಿ ಇಳಿದು ಕೆಂಡ ಕೆಂಪಗಾದಾಗೆಲ್ಲ "ಕೆಂಪು ಅಂದರೆ ಶಾಖ ಕಮ್ಮಿ" ಎಂದು ಪಠ್ಯ ನೆನಪಿಸಿಕೊಂಡು ಸೌದೆ ತುಂಬಿದೆ. ನಸುಕಿನಲ್ಲಿ ಟಾರ್ಚ್ ಹಿಡಿದು ನೋಡಿದರೆ 48!

ಹಳದಿಯಾಗುವ ಮೊದಲೇ ಬಿಸಿ ಏರಿದರೆ ಎಲೆ ಸಾಯುತ್ತದೆ, ಹಸಿರು ಹಾಗೇ ಉಳಿಯುತ್ತದೆ. ಮತ್ತೆ ಸರಿಮಾಡಲು ಆಗುವುದಿಲ್ಲ. ಹರಾಜಿನಲ್ಲಿ ಕೊನೆಯ ದರ್ಜೆಯ ಬೆಲೆ ಸಿಕ್ಕಿತು. ತೀರಬೇಕಿದ್ದ ಸಾಲಕ್ಕೆ ಆ ವರ್ಷ ಬಡ್ಡಿ ಮಾತ್ರ ಕಟ್ಟಿದೆವು.

ನನ್ನ ಪಠ್ಯವೇನೂ ಸುಳ್ಳಲ್ಲ. ಕಾದ ವಸ್ತು 700-800 ಡಿಗ್ರಿಯಲ್ಲಿ ಕೆಂಪಗೆ ಹೊಳೆಯುತ್ತದೆ, ಇನ್ನೂ ಕಾದರೆ ಕಿತ್ತಳೆ, ಹಳದಿ. ಸೌದೆಯ ಉರಿಯಲ್ಲಿ ಹೊಳೆಯುವುದು ಮಸಿಯ ಕಣಗಳು. ಆದರೆ ಬಣ್ಣ ಹೇಳುವುದು ಹೊಳೆಯುವ ವಸ್ತು ಎಷ್ಟು ಕಾದಿದೆ ಎಂದು ಮಾತ್ರ. ಎಷ್ಟು ಶಾಖ ಪೈಪಿನೊಳಗೆ ಹೋಗುತ್ತಿದೆ ಎಂದಲ್ಲ. ಒಲೆ ತುಂಬಾ ಇರುವ ಕೆಂಪು ಕೆಂಡ ಗಂಟೆಗಟ್ಟಲೆ ಬಿಸಿ ಕೊಡುತ್ತಲೇ ಇರುತ್ತದೆ.

ಎಷ್ಟೋ ಸಲ ಅಷ್ಟನ್ನೂ ಹೇಳುವುದಿಲ್ಲ. ಗ್ಯಾಸಿನ ಉರಿ ನೀಲಿಯಾಗಿರುವುದು ಶಾಖದಿಂದಲ್ಲ, ಉರಿಯುವಾಗ ಹುಟ್ಟುವ ಇಂಗಾಲದ ಅಣುಗಳ ಬೆಳಕಿನಿಂದ. ಬರೀ ಶಾಖದಿಂದ ನೀಲಿ ಹೊಳೆಯಬೇಕಾದರೆ ಸುಮಾರು 5500 ಡಿಗ್ರಿಯ ಸೂರ್ಯನ ಮೇಲ್ಮೈಗಿಂತ ಬಿಸಿ ಇರಬೇಕು. ಗ್ಯಾಸಿನ ಉರಿ 2000 ಡಿಗ್ರಿಯನ್ನೂ ಮುಟ್ಟುವುದಿಲ್ಲ. ನಿನ್ನೆ ಅದನ್ನು ಹಳದಿ ಮಾಡಿದ್ದು ಸಾರಿನ ಉಪ್ಪಿನಲ್ಲಿರುವ ಸೋಡಿಯಂ.

ಅವತ್ತು ಬೆಳಿಗ್ಗೆ ಅಪ್ಪ ಬಂದು ಒಂದು ಎಲೆ ಬೆರಳಲ್ಲಿ ಸವರಿ ಸುಮ್ಮನೆ ನಿಂತಿದ್ದರು. ಬೈಯಲಿಲ್ಲ. ಆಮೇಲೆ ಇಷ್ಟೇ ಅಂದರು: "ಉರಿ ಬಣ್ಣ ಸೌದೇದು ಕಣ್ಲಾ. ನಾವ್ ನೋಡ್ಬೇಕಾದ್ದು ಸೊಪ್ಪಿನ ಬಣ್ಣ."

ಈ ಸಲವೂ ಆಗಸ್ಟ್‌ಗೆ ರಜೆ ಹಾಕಿದ್ದೇನೆ. ಥರ್ಮಾಮೀಟರ್ ಮುಂದೆಯೇ ಕೂರುತ್ತೇನೆ. ನಿಮಗೂ ಹೀಗೆ ಓದು ಕೈಕೊಟ್ಟ ಕಥೆ ಇದ್ದರೆ ಬರೆಯಿರಿ, ನಾನೊಬ್ಬನೇ ಅಲ್ಲ ಅಂತ ಸಮಾಧಾನವಾದರೂ ಆಗಲಿ :)