ಓಡ್ತಿರೋ ಬೇರಿಂಗ್ ಬದಲಾಯಿಸಬೇಕಾ?

ಮೊನ್ನೆ ರಾತ್ರಿ ಹನ್ನೊಂದೂವರೆಗೆ ತೋಟದ ಬೋರ್ ಹತ್ರ ಥ್ರೀ ಫೇಸ್ ಕರೆಂಟ್‌ಗೆ ಕಾಯ್ತಾ ಕೂತಿದ್ದೆ. ಅಮೆರಿಕದ ಟೆಕ್ಸಾಸ್‌ನಲ್ಲಿರೋ ನಮ್ಮ ಅಕ್ಕನ ಮಗ ಫೋನ್ ಮಾಡಿದ. ಅಲ್ಲಿ ಮಧ್ಯಾಹ್ನ. "ಮಾಮ, ಗಾಡಿ ವಿಷಯ ಒಂದು ಕೇಳಬೇಕಿತ್ತು" ಅಂದ. ಹೋದ ವರ್ಷ 2003ರ ಪೋರ್ಷೆ ಬಾಕ್ಸ್‌ಸ್ಟರ್ ಕಾರು ಸೆಕೆಂಡ್ ಹ್ಯಾಂಡ್ ತಗೊಂಡಿದ್ದಾನೆ. ಎರಡೇ ಸೀಟು. ಇದರಲ್ಲಿ ಒಂದು ಮೂಟೆ ಗೊಬ್ಬರ ತರೋಕಾಗುತ್ತೇನೋ ಅಂತ ನಾನು ನಕ್ಕಿದ್ದೆ.

ಈಗ ಅದರ ಕ್ಲಚ್ ಸ್ಲಿಪ್ ಆಗ್ತಿದೆ. ಗ್ಯಾರೇಜಿನವರು "ಹೇಗಿದ್ರೂ ಗೇರ್‌ಬಾಕ್ಸ್ ಇಳಿಸ್ತೀವಿ, ಐಎಂಎಸ್ ಬೇರಿಂಗನ್ನೂ ಹೊಸದು ಹಾಕಿಬಿಡೋಣ" ಅಂದಿದ್ದಾರೆ. ಅದಕ್ಕೇ ಬೇರೆ 900 ಡಾಲರ್. ನಮ್ಮ ಲೆಕ್ಕದಲ್ಲಿ ಎಪ್ಪತ್ತೈದು ಸಾವಿರದ ಮೇಲೆ. ಹಳೇದು ಸದ್ದಿಲ್ಲದೆ ಓಡ್ತಾ ಇದೆ.

ವಿಷಯ ಏನಂದ್ರೆ, ಆ ಇಂಜಿನ್‌ನಲ್ಲಿ ಕ್ರ್ಯಾಂಕ್ ನೇರವಾಗಿ ಕ್ಯಾಮ್ ತಿರುಗಿಸಲ್ಲ. ಮಧ್ಯೆ ಒಂದು ಶಾಫ್ಟ್ ಇದೆ, ಅದರಿಂದ ಎರಡೂ ಕಡೆಯ ಕ್ಯಾಮ್‌ಗೆ ಚೈನ್ ಹೋಗುತ್ತೆ. ಶಾಫ್ಟಿನ ಫ್ಲೈವೀಲ್ ಕಡೆ ತುದಿಗೆ ಒಂದು ಸೀಲ್ಡ್ ಬಾಲ್ ಬೇರಿಂಗ್, ಒಳಗೆ ಗ್ರೀಸ್. ವರ್ಷ ಕಳೆದಂಗೆ ಇಂಜಿನ್ ಆಯಿಲ್ ಸೀಲ್ ದಾಟಿ ಒಳಗಿಳಿದು ಗ್ರೀಸನ್ನ ತೊಳೆದು ಹಾಕುತ್ತೆ. ಹೊಸ ಆಯಿಲ್ ಓಡಾಡೋಕೆ ಅದೇ ಸೀಲ್ ಅಡ್ಡ. ಬೇರಿಂಗ್ ಒಡೆದರೆ ಶಾಫ್ಟ್ ಅಲ್ಲಾಡಿ, ಟೈಮಿಂಗ್ ತಪ್ಪಿ, ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತೆ. ಇಂಜಿನ್ ಗುಜರಿಗೆ.

ಮೊದಮೊದಲ ಕಾರುಗಳಲ್ಲಿ ಎರಡು ಸಾಲು ಗುಂಡಿನ ಬೇರಿಂಗ್ ಇತ್ತು. ಆಮೇಲೆ ಒಂದೇ ಸಾಲು ಮಾಡಿದ್ರು, ಇವನದು ಅದೇ. ಮಾಲೀಕರು ಸೇರಿ ಕೋರ್ಟಿಗೆ ಹೋಗಿ 2013ರಲ್ಲಿ ರಾಜಿ ಆಯ್ತು, ಅದರ ಗಡುವು ಯಾವತ್ತೋ ಮುಗಿದಿದೆ. ಒಂದು ಸಾಲಿನದು ನೂರಕ್ಕೆ ಎಂಟರಷ್ಟು ಹೋಗುತ್ತೆ ಅಂತ ಮಾತು. ಅಂದ್ರೆ ತೊಂಬತ್ತೆರಡು ಹೋಗಲ್ಲ. ಅದೇ ಅವನ ತಲೆನೋವು.

ನನಗೆ ತಕ್ಷಣ ನಮ್ಮ ಟ್ರ್ಯಾಕ್ಟರ್ ನೆನಪಾಯ್ತು. ನಾಲ್ಕು ವರ್ಷದ ಹಿಂದೆ ಕ್ಲಚ್ ಪ್ಲೇಟ್ ಹಾಕಿಸೋಕೆ ಎರಡು ಹೋಳು ಮಾಡಿದ್ವಿ. "ಅಣ್ಣಾ, ರಿಲೀಸ್ ಬೇರಿಂಗೂ ಹಾಕಿಬಿಡ್ಲಾ" ಅಂತ ಮೇಸ್ತ್ರಿ ಕೇಳಿದ. ಕೈಲಿ ತಿರುಗಿಸಿ ನೋಡ್ದೆ, ನಯವಾಗಿ ತಿರುಗ್ತು. ಬೇಡ ಅಂದೆ. ನಲವತ್ತು ದಿನ ಆಗಿತ್ತೋ ಇಲ್ವೋ, ಕೇಜ್ ವೀಲ್ ಹಾಕಿ ಕೆಸರು ಗದ್ದೆ ಹೊಡೆಯೋವಾಗ ಅದು ಜಾಮ್ ಆಗಿ ಪ್ರೆಷರ್ ಪ್ಲೇಟನ್ನೂ ತಿಂದು ಹಾಕ್ತು. ಗದ್ದೇಲೇ ನಿಂತ ಗಾಡಿ, ಆರು ದಿನ ಕೆಲಸ ಇಲ್ಲ. ನಾಲೆ ನೀರಿನ ಸರದಿ ಹೋಯ್ತು, ಮಡಿಯಲ್ಲಿ ಸಸಿ ಬಲಿತು ಹೋಯ್ತು. ಆ ಸಲ ಎಕರೆಗೆ ಎಷ್ಟು ಚೀಲ ಕಮ್ಮಿ ಬಂತು ಅಂತ ಮನೇಲಿ ಇವತ್ತಿಗೂ ಹೇಳಿಲ್ಲ.

ಹಾಗಂತ ಎಲ್ಲದಕ್ಕೂ "ಹಾಕಿಸಿಬಿಡು" ಅನ್ನೋಕೂ ಧೈರ್ಯ ಬರಲಿಲ್ಲ. ಅದಾದ ಮೇಲಿನ ಬೇಸಿಗೇಲಿ ಚೆನ್ನಾಗಿ ಓಡ್ತಿದ್ದ ಸಬ್‌ಮರ್ಸಿಬಲ್ ಮೋಟರನ್ನ "ಒಂದ್ಸಲ ನೋಡಿಬಿಡೋಣ" ಅಂತ ಎತ್ತಿಸಿದ್ದೆ. ಮೋಟರ್‌ಗೆ ಏನೂ ಆಗಿರಲಿಲ್ಲ. ವಾಪಸ್ ಇಳಿಸೋವಾಗ ಕೇಬಲ್ ಕೊಯ್ದು, ನೀರು ಹೊಕ್ಕು ಸುಟ್ಟುಹೋಯ್ತು. ನಿಮ್ಮಲ್ಲೂ ಯಾರಿಗಾದ್ರೂ ಹೀಗೆ ಆಗಿರಬೇಕು.

ಅದಕ್ಕೆ ಅವನಿಗೆ ಹೀಗಂದೆ: "ಕ್ಲಚ್ ಚೆನ್ನಾಗಿದ್ದಿದ್ರೆ ಬಿಚ್ಚೋದು ಬೇಡ, ಬೇಗ ಬೇಗ ಆಯಿಲ್ ಬದಲಾಯಿಸ್ತಾ ಓಡಿಸು ಅಂತಿದ್ದೆ. ಈಗ ಹೆಂಗೂ ಬಿಚ್ಚೋ ಕೂಲಿ ಕೊಡ್ತಿದ್ದೀಯ. ಮೊದಲು ಆಯಿಲ್ ಫಿಲ್ಟರ್ ಕತ್ತರಿಸಿ ನೋಡೋಕೆ ಹೇಳು. ಅದರಲ್ಲಿ ಕಬ್ಬಿಣದ ಚೂರು ಸಿಕ್ಕಿದ್ರೆ ಹೊಸ ಬೇರಿಂಗ್ ಹಾಕಿ ಪ್ರಯೋಜನ ಇಲ್ಲ, ಚೂರು ಆಗಲೇ ಇಂಜಿನ್ ತುಂಬಾ ಓಡಾಡಿರುತ್ತೆ. ಫಿಲ್ಟರ್ ಕ್ಲೀನ್ ಇದ್ರೆ, ಇಂಥದ್ದು ಎಷ್ಟು ಮಾಡಿದ್ದೀರಿ ಅಂತ ಅವರನ್ನ ಕೇಳು. ಕ್ಯಾಮ್ ಲಾಕ್ ಮಾಡದೆ ಬೇರಿಂಗ್ ಎಳೆದ್ರೆ ಟೈಮಿಂಗ್ ಅವರ ಕೈಯಲ್ಲೇ ತಪ್ಪುತ್ತೆ."

ಅಷ್ಟೊತ್ತಿಗೆ ಕರೆಂಟ್ ಬಂತು, ಫೋನ್ ಇಟ್ಟೆ.

ಫಿಲ್ಟರ್ ಕ್ಲೀನ್ ಇತ್ತಂತೆ. ಬೇರಿಂಗ್ ಹಾಕಿಸಿದ. ನಿನ್ನೆ ಹಳೇ ಬೇರಿಂಗಿನ ವಿಡಿಯೋ ಕಳಿಸಿದ್ದಾನೆ. ಸೀಲ್ ತೆಗೆದ್ರೆ ಒಳಗೆ ಗ್ರೀಸ್ ಇಲ್ಲ, ಕರೀ ಆಯಿಲ್ ಇದೆ. ಆದ್ರೆ ಬೆರಳಲ್ಲಿ ತಿರುಗಿಸಿದ್ರೆ ನಯವಾಗೇ ತಿರುಗ್ತಿದೆ. "ಮಾಮ, ಇನ್ನೂ ಓಡ್ತಿತ್ತು ಅನ್ಸುತ್ತೆ. ದುಡ್ಡು ದಂಡ ಆಯ್ತಾ?" ಅಂತ ಕೇಳಿದ್ದಾನೆ. ನನ್ನ ರಿಲೀಸ್ ಬೇರಿಂಗೂ ಹಂಗೇ ತಿರುಗಿತ್ತು ಕಣೋ ಅಂತ ಬರೆದು, ಕಳಿಸದೆ ಅಳಿಸಿಬಿಟ್ಟೆ. ಇನ್ನೂ ಉತ್ತರ ಕೊಟ್ಟಿಲ್ಲ.

ನಮ್ಮ ಗಾಡಿ ಕ್ಲಚ್ ಮತ್ತೆ ಗಟ್ಟಿ ಬರ್ತಿದೆ. ಗುರುವಾರ ಮೇಸ್ತ್ರಿ ಬರ್ತಾನೆ. ಪ್ಲೇಟ್ ಜೊತೆ ಬೇರಿಂಗೂ ತಗೊಂಡು ಬಾ ಅಂದಿದ್ದೀನಿ.