ಡೈನೋಸಾರ್ ಹಿಂದಿಯಲ್ಲಿ ಗರ್ಜಿಸಿದಾಗ

ಟಿ.ವಿ. ಮತ್ತು ವಿ.ಸಿ.ಆರ್. ಎರಡನ್ನೂ ಒಂದೇ ರಾತ್ರಿಗೆ ಬಾಡಿಗೆಗೆ ತಂದು, ಬೆಳಗಾಗುವುದರೊಳಗೆ ಮೂರು ಕ್ಯಾಸೆಟ್ ನೋಡಿ ಮುಗಿಸುತ್ತಿದ್ದ ಕಾಲ ಒಂದಿತ್ತು. ಹಿರಿಯರಿಗಾಗಿ ಒಂದು ರಾಜಕುಮಾರ್ ಚಿತ್ರ, ಹರೆಯದವರಿಗಾಗಿ ಒಂದು ಹಿಂದಿ ಹೊಡೆದಾಟದ ಚಿತ್ರ, ಮೂರನೆಯದು ಅಂಗಡಿಯವನ ಮರ್ಜಿ. ಸಮೀರವಾಡಿಯಲ್ಲಿ ಸಕ್ಕರೆ ಕಾರ್ಖಾನೆಯ ಹಂಗಾಮು ನಡೆದಿರುವಾಗ ಊರಿಗೇ ನಿದ್ದೆ ಕಡಿಮೆ. ಕಬ್ಬಿನ ಗಾಡಿಗಳ ಸಪ್ಪಳ, ಕಾಕಂಬಿಯ ವಾಸನೆ. ಅಂಥ ಒಂದು ರಾತ್ರಿ ಎಂಟನೆಯ ಇಯತ್ತೆಯ ಹುಡುಗನೊಬ್ಬ ಮೂರನೆಯ ಕ್ಯಾಸೆಟ್ಟಿನಲ್ಲಿ 'ಜುರಾಸಿಕ್ ಪಾರ್ಕ್' ನೋಡಿದ. ಉಳಿದವರೆಲ್ಲ ಮಲಗಿಬಿಟ್ಟಿದ್ದರು.

ಸ್ಪೀಲ್‌ಬರ್ಗ್ 1993ರಲ್ಲಿ ತೆಗೆದ ಆ ಚಿತ್ರ 1994ರಲ್ಲಿ ಹಿಂದಿಗೆ ಡಬ್ ಆಗಿ ಭಾರತದಲ್ಲಿ ಓಡಿತು. ಹುಡುಗನಿಗೆ ಹಿಂದಿ ಅರ್ಧಂಬರ್ಧ ಬರುತ್ತಿತ್ತು. ಆದರೂ ಮರುದಿನ ಗೆಳೆಯರನ್ನು ಕೂಡಿಸಿಕೊಂಡು ಇಡೀ ಕಥೆಯನ್ನು ಕನ್ನಡದಲ್ಲಿ ಹೇಳಿದ. ತಿಳಿಯದ ಕಡೆ ತಾನೇ ಹೆಣೆದ. ಅವನ ಕಥೆಯಲ್ಲಿ ಉದ್ಯಾನದ ಮುದುಕ ಯಜಮಾನನಿಗೂ ಕಂಪ್ಯೂಟರ್ ಕೆಡಿಸುವ ದಡೂತಿ ಮನುಷ್ಯನಿಗೂ ಆಸ್ತಿಯ ಜಗಳವಿತ್ತು! ಸೊಳ್ಳೆಯ ಹೊಟ್ಟೆಯೊಳಗಿನ ರಕ್ತದ ಭಾಗವನ್ನು ಮಾತ್ರ ತಪ್ಪಿಲ್ಲದೆ ಹೇಳಿದ್ದ. ಅದು ಮಾತಿನ ಹಂಗಿಲ್ಲದೆ ಕಣ್ಣಿಗೇ ತಿಳಿಯುವಂತಿತ್ತಲ್ಲ.

ಆ ಹುಡುಗನಿಗೆ ಈಗ ಕಾಕಾನ ವಯಸ್ಸು. ಲೇಥ್ ಮಷಿನ್ನಿನ ಕೆಲಸ. ಮನೆಯ ಟ್ರಂಕಿನಲ್ಲಿ ಕ್ಯಾಸೆಟ್ಟುಗಳು, ವಿ.ಸಿ.ಡಿ.ಗಳು, ಡಿ.ವಿ.ಡಿ.ಗಳು. ಒಂದು ವಿ.ಸಿ.ಡಿ.ಯಲ್ಲಿ ಹಿಡಿಯುವುದು ಸುಮಾರು 74 ನಿಮಿಷ, ಹಾಗಾಗಿ ಒಂದೊಂದು ಚಿತ್ರಕ್ಕೂ ಎರಡು ಮೂರು ತಟ್ಟೆ. ಅವನೊಂದಿಗೆ ವಾದಕ್ಕೆ ಕೂಡ್ರುವವಳು ಅಣ್ಣನ ಮಗಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿ.ಯು. ವಿಜ್ಞಾನಕ್ಕೆ ಸೇರಿದಂದಿನಿಂದ ಇಂಗ್ಲಿಷಿನ ಹೊಳೆಯಲ್ಲಿ ಬಿದ್ದವಳು. ಸಂಜೆಯಾದರೆ ಆಕೆ ಕಾಕಾನ ಮನೆಗೆ ಹೋಗುವುದು ಅಪ್ಪನಿಗೆ ಸರಿಬರುವುದಿಲ್ಲ. "ಆ ಸಿನಿಮಾದ ಹುಚ್ಚಿನಾಗ ಪರೀಕ್ಷೆ ಹಾಳಮಾಡ್ಕೋತಿ ನೋಡು," ಎಂಬುದು ಅವರ ಮಾತು. ಅವರ ಕಾಳಜಿ ಸುಳ್ಳಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರದ ಅಂಕ ನೋಡಿ ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಉಂಡಿರಲಿಲ್ಲ.

ವಾದ ಹುಟ್ಟುವುದು ಸಣ್ಣ ಸಂಗತಿಯಿಂದ. ಕಾಕಾನಿಗೆ ಪರದೆಯ ಮೇಲೂ ಕೆಳಗೂ ಕಪ್ಪು ಪಟ್ಟಿ ಕಂಡರೆ ಸಿಟ್ಟು. ಚಿತ್ರವನ್ನು ಕತ್ತರಿಸಿದ್ದಾರೆಂದು ಅವನ ದೂರು. ಹುಡುಗಿ ಕಾಗದದ ಮೇಲೆ ಗೆರೆ ಎಳೆದು ತೋರಿಸುತ್ತಾಳೆ. 'ಸ್ಟಾರ್ ವಾರ್ಸ್'ನಂಥ ಚಿತ್ರದ ಅಗಲ ಅದರ ಎತ್ತರದ 2.35 ಪಟ್ಟು. ಹಳೆಯ ಟಿ.ವಿ.ಯದು 1.33 ಪಟ್ಟು ಮಾತ್ರ. ಆ ಚೌಕದ ತುಂಬ ಚಿತ್ರ ಬರಬೇಕಾದರೆ ಎಡಬಲದಲ್ಲಿ ನೂರಕ್ಕೆ 43ರಷ್ಟು ಹಾರಿಹೋಗಲೇಬೇಕು. ಕ್ಯಾಸೆಟ್ಟಿನಲ್ಲಿ ಆಗುತ್ತಿದ್ದದ್ದು ಅದೇ. "ಕತ್ತರಿಸಿದ್ದು ನಿನ್ನ ಕ್ಯಾಸೆಟ್ಟಿನ್ಯಾಗ, ಕಾಕಾ. ಪಟ್ಟಿ ಇದ್ದದ್ದರಾಗ ಚಿತ್ರ ಪೂರಾ ಐತಿ." ಕಾಕಾ ಲೆಕ್ಕ ಒಪ್ಪಿದರೂ ಪಟ್ಟಿಯನ್ನು ಒಪ್ಪಲಿಲ್ಲ.

ಇನ್ನೊಂದು ದಿನ ಅಂತರಿಕ್ಷದ ಸಪ್ಪಳದ ಜಗಳ. ಗಾಳಿಯಿಲ್ಲದ ಕಡೆ ಶಬ್ದ ಸಾಗುವುದಿಲ್ಲ. ಕುಬ್ರಿಕ್ 1968ರ '2001: ಎ ಸ್ಪೇಸ್ ಒಡಿಸ್ಸಿ'ಯಲ್ಲಿ ಅದನ್ನು ಪಾಲಿಸಿದ, 'ಸ್ಟಾರ್ ವಾರ್ಸ್' ಮಾಡಿದ ಲೂಕಾಸ್ ಧಡಾರೆಂದು ಸಿಡಿಸಿದ. ಸಪ್ಪಳವಿಲ್ಲದ ಯುದ್ಧ ನೋಡಲು ಯಾರು ರೊಕ್ಕ ಕೊಡುತ್ತಾರೆ ಎಂಬುದು ಕಾಕಾನ ಪ್ರಶ್ನೆ. ಅದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ.

ಎಲ್ಲಕ್ಕಿಂತ ದೊಡ್ಡ ಜಗಳ ಡಬ್ಬಿಂಗಿನದು. 1960ರ ದಶಕದಲ್ಲಿ ಅ.ನ.ಕೃ. ಮುಂತಾದ ಸಾಹಿತಿಗಳು, ರಾಜಕುಮಾರ್ ಅವರಂಥ ಕಲಾವಿದರು ಡಬ್ಬಿಂಗ್ ವಿರುದ್ಧ ನಿಂತರು. ಪರಭಾಷೆಯ ಚಿತ್ರಗಳ ಎದುರು ಕನ್ನಡ ಚಿತ್ರೋದ್ಯಮ ಕಾಲೂರಲು ಒದ್ದಾಡುತ್ತಿದ್ದ ಹೊತ್ತು ಅದು. ಕಾನೂನು ಇರಲಿಲ್ಲ, ಆದರೆ ಕಟ್ಟಳೆ ದಶಕಗಳ ಕಾಲ ಗಟ್ಟಿಯಾಗಿ ನಿಂತಿತು. 2012ರಲ್ಲಿ ಆಮೀರ್ ಖಾನರ 'ಸತ್ಯಮೇವ ಜಯತೆ' ಕಾರ್ಯಕ್ರಮವೂ ಕನ್ನಡದ ಟಿ.ವಿ.ಯಲ್ಲಿ ಕನ್ನಡ ಮಾತಾಡಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇಂಥ ತಡೆ ಸಲ್ಲದೆಂದು ಆದೇಶಿಸಿದ ಮೇಲೆ ಬಾಗಿಲು ಸಡಿಲವಾಯಿತು. 2022ರ ಕೊನೆಗೆ 'ಅವತಾರ್' ಎರಡನೆಯ ಭಾಗ ಕನ್ನಡದಲ್ಲೂ ಬಂತು.

ಕಾಕಾ ರಾಜಕುಮಾರ್ ಅಭಿಮಾನಿ. "ಅವತ್ತ ತಡೀಲಿಲ್ಲಂದ್ರ ನಮ್ಮ ಕಲಾವಿದರು ಹೊಟ್ಟಿಗೆ ಏನ ಮಾಡಬೇಕಿತ್ತ?" ಎನ್ನುತ್ತಾನೆ. ಉಪೇಂದ್ರ ಬರೆದು ನಟಿಸಿದ, ದಿನೇಶ್ ಬಾಬು ನಿರ್ದೇಶನದ 2002ರ 'ಹಾಲಿವುಡ್' ಚಿತ್ರದಲ್ಲಿ ರೋಬೋ ಕನ್ನಡವನ್ನೇ ಆಡಿತಲ್ಲ ಎಂದು ತಟ್ಟೆ ತೆಗೆದು ತೋರಿಸುತ್ತಾನೆ. 2024ರ 'ಬ್ಲಿಂಕ್' ಕಾಲಯಾನದ ಕಥೆಯನ್ನು ಕನ್ನಡದಲ್ಲೇ ಹೇಳಿತು. ಹುಡುಗಿ ಒಪ್ಪುತ್ತಾಳೆ. ಆದರೆ ಎಣಿಸಲು ಒಂದು ಕೈಯ ಬೆರಳು ಸಾಕಲ್ಲ ಎಂಬುದು ಅವಳ ತಕರಾರು. "ನಿನಗ ಅವತ್ತ ಕನ್ನಡದಾಗ ಸಿಕ್ಕಿದ್ರ ಆಸ್ತಿ ಜಗಳ ಕಟ್ಟಿ ಹೇಳೂ ಪ್ರಸಂಗ ಬರ್ತಿರಲಿಲ್ಲ." ಕಾಕಾ ನಕ್ಕ, ಆದರೆ ಮಾತು ನಾಟಿತ್ತು. ಹಿಂದಿ ಬಾರದ ಮಗುವಿಗೆ ಡೈನೋಸಾರಿನ ಗರ್ಜನೆ ದಕ್ಕಿತು, ವಿಜ್ಞಾನಿಯ ಮಾತು ದಕ್ಕಲಿಲ್ಲ. ಉದ್ಯೋಗ ಉಳಿಸಿದ ಹಟ ನ್ಯಾಯವಾದದ್ದೇ ಇರಬಹುದು. ಅದರ ಬೆಲೆಯಲ್ಲಿ ಒಂದು ಪಾಲನ್ನು ಮಾತ್ರ ಹಳ್ಳಿಯ ಮಕ್ಕಳು ತೆತ್ತರು.

ಇದು ಅವಳಿಗೆ ಬರಿಯ ಸಿನಿಮಾದ ಮಾತಲ್ಲ. ಕಾಲೇಜಿನಲ್ಲಿ 'ಹಾಫ್ ಲೈಫ್' ಎಂದಾಗ ಅವಳು ಬರೆದುಕೊಂಡಳು, ತಿಳಿಯಲಿಲ್ಲ. ತಿಳಿದದ್ದು ಸೊಳ್ಳೆಯ ದೆಸೆಯಿಂದ. ನ್ಯೂಜಿಲೆಂಡಿನ ಅಳಿದುಹೋದ ಮೋವಾ ಹಕ್ಕಿಯ ಎಲುಬುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2012ರಲ್ಲಿ ಒಂದು ಲೆಕ್ಕ ಕೊಟ್ಟರು: ಅಲ್ಲಿ ಒಂದು ನಿರ್ದಿಷ್ಟ ಉದ್ದದ ಡಿ.ಎನ್.ಎ. ತುಣುಕುಗಳಲ್ಲಿ ಅರ್ಧ ಮುರಿಯಲು 521 ವರ್ಷ. ಉಳಿದದ್ದರಲ್ಲಿ ಅರ್ಧಕ್ಕೆ ಮತ್ತೆ 521. ಇದೇ ಅರ್ಧಾಯು. ಈವರೆಗೆ ಸಿಕ್ಕ ಅತಿ ಹಳೆಯ ಡಿ.ಎನ್.ಎ. ಗ್ರೀನ್‌ಲೆಂಡಿನ ಮಣ್ಣಿನದು, ಸುಮಾರು 20 ಲಕ್ಷ ವರ್ಷದ್ದು. ಡೈನೋಸಾರ್‌ಗಳು ಅಳಿದು 6.6 ಕೋಟಿ ವರ್ಷ. "ಸೊಳ್ಳಿ ಹೊಟ್ಟ್ಯಾಗ ಏನೂ ಉಳಿದಿರೂದಿಲ್ಲ ಕಾಕಾ," ಎಂದು ಆಕೆ ಅಡುಗೆಮನೆಯ ರೊಟ್ಟಿಯನ್ನು ಅರ್ಧ, ಅರ್ಧದ ಅರ್ಧ ಮುರಿಯುತ್ತ ತೋರಿಸಿದಳು. ಅದೇ ಲೆಕ್ಕ ಮುಂದಿನ ಪರೀಕ್ಷೆಯಲ್ಲಿ ಬಂದಾಗ ಅವಳ ಕೈ ತಡವರಿಸಲಿಲ್ಲ.

ಕಾಕಾ ಸೋಲೊಪ್ಪುವ ಪೈಕಿ ಅಲ್ಲ. ಹಾಗಾದರೆ ನಮ್ಮೂರ ನೆಲದಲ್ಲಿ ಎಲುಬಾದರೂ ಸಿಕ್ಕೀತೇ ಎಂದು ಕೇಳಿದ. ಆ ದಿನ ಬಾಗಿಲ ಹೊರಗೆ ಕುಳಿತಿದ್ದ ಅಪ್ಪನಿಗೂ ಕೇಳಿಸುವಷ್ಟು ದೊಡ್ಡ ದನಿಯಲ್ಲಿ ಅವಳು ಹೇಳುತ್ತ ಹೋದಳು. ಕಲಾದಗಿ, ಬಾಗಲಕೋಟೆ ಕಡೆಯ ಹಳೆಯ ಪದರುಗಲ್ಲುಗಳು ನೂರು ಕೋಟಿ ವರ್ಷಕ್ಕೂ ಹಿಂದಿನವು. ಆಗ ಡೈನೋಸಾರ್ ಎಲ್ಲಿ, ಮೀನೂ ಹುಟ್ಟಿರಲಿಲ್ಲ. ಕೃಷ್ಣೆಯಾಚೆ ಅಥಣಿಯ ಕಡೆ ಹಬ್ಬಿರುವ ಕರಿಗಲ್ಲು ಮಾತ್ರ ಡೈನೋಸಾರ್‌ಗಳ ಕೊನೆಗಾಲದ್ದು. ನೆಲ ಬಿರಿದು ಹರಿದ ಲಾವಾ ಆರಿ ಆದ ಕಲ್ಲು ಅದು. ಎರೆಮಣ್ಣು ಅದೇ ಕಲ್ಲು ಸವೆದು ಆದದ್ದು. ಕುದಿಯುವ ಲಾವಾದಲ್ಲಿ ಎಲುಬು ಉಳಿಯುವುದಿಲ್ಲ. ಅದರ ಅಡಿಯ ಮಣ್ಣಿನ ಪದರದಲ್ಲಿ ಉಳಿಯುತ್ತದೆ. ಜಬಲ್ಪುರದಲ್ಲಿ 1828ರಲ್ಲೇ ಸಿಕ್ಕಿದ್ದವು. ಗುಜರಾತಿನಲ್ಲಿ ಸಿಕ್ಕದ್ದಕ್ಕೆ 2003ರಲ್ಲಿ 'ರಾಜಾಸಾರಸ್' ಎಂದು ಹೆಸರಿಟ್ಟರು.

"ರಾಜಾ ಅಂತ ಹೆಸರಿಟ್ಟಾರ ನೋಡು," ಎಂದ ಕಾಕಾ, ತಾನೇ ಗೆದ್ದವನಂತೆ.

ಹೊರಗಿನಿಂದ ಅಪ್ಪ ಕೆಮ್ಮಿದರು. ಊಟಕ್ಕೆ ಕರೆಯಲು ಬಂದವರು ಎಷ್ಟು ಹೊತ್ತಿನಿಂದ ಅಲ್ಲಿ ಕುಳಿತಿದ್ದರೋ.

"ತಂಗೀ, ಈ ಜಬಲ್ಪುರ ಇಲ್ಲಿಂದ ಎಷ್ಟು ದೂರ ಆಗತೈತಿ?"